ಬಲಗಡೆಯ ಕಾಲಂ

ನನ್ನ ಹತ್ತಿರ ನೂರು ಪುಟದ ಒಂದು ನೋಟ್‌ಬುಕ್ ಇದೆ. ಶಾಲೆ ಮಕ್ಕಳು ಬಳಸುವಂಥದ್ದು. ಸ್ಕೇಲ್ ಇಟ್ಟು ಪ್ರತಿ ಪುಟದಲ್ಲೂ ಎರಡು ಗೆರೆ ಎಳೆದು ಮೂರು ಕಾಲಂ ಮಾಡಿದ್ದೇನೆ. ಎಡಗಡೆ ತಾರೀಖು. ನಡುವೆ ಯಾರು ಬಂದರು, ಏನು ತಂದರು. ಬಲಗಡೆ ನಾನು ತಿರುಗಿ ಏನು ಕೊಟ್ಟೆ.

ಮೊದಲ ಸಾಲು ಹೀಗಿದೆ: ‘ಜುಲೈ 9. ಕೆಳಗಿನ ಮನೆ ಅಕ್ಕ. ಕುಚ್ಚಲಕ್ಕಿ ಗಂಜಿ, ಒಣ ಸೀಗಡಿ ಚಟ್ನಿ. ಸ್ಟೀಲ್ ಡಬ್ಬಿ ಎರಡು.’ ಅದರ ಬಲಗಡೆ: ‘ಹಲಸಿನ ಹಪ್ಪಳ, ಒಂದು ಕಟ್ಟು.’ ಹೀಗೇ ಪುಟ ತುಂಬುತ್ತಾ ಹೋಗಿದೆ. ಎಂಟನೇ ಪುಟದ ಆಮೇಲೆ ಬಲಗಡೆ ಕಾಲಂ ಖಾಲಿ. ಆ ಖಾಲಿ ಜಾಗದ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಳ್ಳುತ್ತಿದ್ದೆ.

ನಮ್ಮದು ಹೊನ್ನಾವರ ಕಡೆ. ಶರಾವತಿ ಸಮುದ್ರ ಸೇರುವ ಊರು. ಹೋದ ವರ್ಷ ಜುಲೈಯಲ್ಲಿ ಬಾವಿಕಟ್ಟೆಯ ಮೆಟ್ಟಿಲ ಮೇಲೆ ಪಾಚಿಗೆ ಕಾಲು ಜಾರಿ ಬಿದ್ದೆ. ಬಲಗಾಲಿನ ಗಂಟಿನ ಹತ್ತಿರ ಎರಡು ಕಡೆ ಮೂಳೆ ಮುರಿದಿತ್ತು. ನಮ್ಮ ಜಿಲ್ಲೆಯವರಿಗೆ ಗೊತ್ತಿರುವ ಕತೆಯೇ ಇದು, ಸ್ವಲ್ಪ ದೊಡ್ಡದು ಏನಾದರೂ ಆದರೆ ಹೈವೇ ಹಿಡಿದು ಮಣಿಪಾಲಕ್ಕೆ ಹೋಗಬೇಕು. ನೂರು ಕಿಲೋಮೀಟರ್‌ಗಿಂತ ಜಾಸ್ತಿ ದಾರಿ. ಆ ಮಳೆಯಲ್ಲಿ ರಾತ್ರಿ ಎಂಟಕ್ಕೆ ಗಾಡಿ ಮಾಡಿಕೊಟ್ಟು, ಜೊತೆಗೆ ಬಂದು, ಬೆಳಗಿನ ತನಕ ಬೆಂಚಿನ ಮೇಲೆ ಕೂತವರು ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ಇಬ್ಬರು ಹುಡುಗರು. ಇಬ್ಬರೂ ನನ್ನ ಹತ್ತಿರ ಭಾನುವಾರದ ಕ್ಯಾಟಕಿಸಂ, ಅಂದರೆ ಧರ್ಮದ ಪಾಠ, ಕಲಿತವರು. ಒಬ್ಬನನ್ನು ಗಲಾಟೆ ಮಾಡಿದ್ದಕ್ಕೆ ನಾನು ಎಷ್ಟೋ ಸಲ ಹೊರಗೆ ನಿಲ್ಲಿಸಿದ್ದೆ.

ಪ್ಲೇಟ್, ಸ್ಕ್ರೂ ಹಾಕಿ ಮನೆಗೆ ಕಳಿಸಿದರು. ಎರಡು ತಿಂಗಳು ಕಾಲು ಊರುವ ಹಾಗಿಲ್ಲ. ಮಗ ದೂರದಲ್ಲಿದ್ದಾನೆ. ನಮ್ಮವರಿಗೆ ಚಹಾ ಬಿಟ್ಟರೆ ಬೇರೇನೂ ಮಾಡಲು ಬರುವುದಿಲ್ಲ. ಅಲ್ಲಿಂದ ಶುರುವಾಯಿತು ಡಬ್ಬಿಗಳು ಬರುವುದು.

ಇಗರ್ಜಿಯ ನಮ್ಮ ವಾರ್ಡಿನ ಮನೆಗಳವರು ತಮ್ಮ ತಮ್ಮಲ್ಲೇ ದಿನ ಹಂಚಿಕೊಂಡಿದ್ದರಂತೆ. ನನಗೆ ಹೇಳಲೇ ಇಲ್ಲ. ಹನ್ನೊಂದು ಗಂಟೆಗೆ ಯಾರಾದರೊಬ್ಬರು ಕೊಡೆ ಮಡಚುತ್ತಾ ಜಗಲಿ ಹತ್ತುತ್ತಿದ್ದರು. ವಾರ್ಡಿನವರಷ್ಟೇ ಅಲ್ಲ. ಹಿಂದಿನ ಬೀದಿಯ ಹವ್ಯಕರ ಮನೆಯ ಅಮ್ಮ ದೊಡ್ಡಪತ್ರೆ ತಂಬುಳಿ ಕಳಿಸಿದರು. ತರಕಾರಿ ಮಾರುವ ಹಾಲಕ್ಕಿ ಹೆಂಗಸು ತಲೆ ಮೇಲಿನ ಬುಟ್ಟಿ ಇಳಿಸಿ, ಎರಡು ಕಟ್ಟು ಹರಿವೆ ಸೊಪ್ಪು ಇಟ್ಟು, ದುಡ್ಡು ಎಂದರೆ ಕೇಳಿಸದ ಹಾಗೆ ಹೋಗಿಬಿಟ್ಟಳು. ಕೆಳಗಿನ ಮನೆ ಅಕ್ಕ ಎರಡು ದಿನಕ್ಕೊಮ್ಮೆ ಬಂದು ನನ್ನ ತಲೆ ತೊಳೆದು, ಒರೆಸಿ, ಜಡೆ ಹಾಕುತ್ತಿದ್ದರು. ಬಿಸಿನೀರು ಕುತ್ತಿಗೆಯ ಹಿಂದೆ ಇಳಿಯುವಾಗ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಆರಾಮಕ್ಕಲ್ಲ, ನಾಚಿಕೆಗೆ.

ಮೂರನೇ ದಿನವೇ ನಮ್ಮವರ ಹತ್ತಿರ ನೋಟ್‌ಬುಕ್ ತರಿಸಿದೆ. ಮದುವೆ ಮನೆಯಲ್ಲಿ ಮುಯ್ಯಿ ಬರೆದುಕೊಳ್ಳುತ್ತೇವಲ್ವಾ, ಹಾಗೆ. ಯಾರ ಋಣವೂ ಉಳಿಯಬಾರದು. ಕಾಲು ಸರಿಯಾದ ಮೇಲೆ ಒಂದೊಂದಾಗಿ ತೀರಿಸಬೇಕು. ಹಲಸಿನ ಹಪ್ಪಳ ಹೇಗೂ ಬೇಸಿಗೆಯಲ್ಲಿ ಮಾಡಿಟ್ಟಿದ್ದು ಇತ್ತು. ಮಲಗಿದಲ್ಲಿಂದಲೇ ಯಾರ ಡಬ್ಬಿಗೆ ಎಷ್ಟು ಹಪ್ಪಳ ಹಾಕಬೇಕು ಎಂದು ನಮ್ಮವರಿಗೆ ಹೇಳುತ್ತಿದ್ದೆ. ನಮ್ಮ ಕಡೆ ಪಾತ್ರೆಯನ್ನು ಖಾಲಿ ತಿರುಗಿಸುವುದಿಲ್ಲ. ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿಯೇ ಕೊಡಬೇಕು ಅಂತ ಅಮ್ಮ ಹೇಳಿಕೊಟ್ಟಿದ್ದಳು.

ನಾನು ಸರಕಾರಿ ಕನ್ನಡ ಶಾಲೆಯ ಅಕ್ಕೋರು. ಮೂವತ್ತು ವರ್ಷದಿಂದ ಮಕ್ಕಳಿಗೆ ಕೊಡುವುದೇ ಕೆಲಸ. ಇಗರ್ಜಿಯಲ್ಲೂ ಹಾಗೇ. ನಮ್ಮ ಕಾರವಾರ ಧರ್ಮಪ್ರಾಂತ್ಯ, ಅಂದರೆ ಬಿಷಪರ ಆಡಳಿತದ ಪ್ರದೇಶ, ಬೆಳಗಾವಿಯಿಂದ ಬೇರೆಯಾಗಿದ್ದು 1976ರಲ್ಲಿ. ಆಗ ನಾನು ಸಣ್ಣವಳು. ಅಂದಿನಿಂದ ಇಂದಿನವರೆಗೆ ಇಗರ್ಜಿ ಎಂದರೆ ನನಗೆ ಕೆಲಸ. ಹೂವು ಕಟ್ಟುವುದು, ಬೆಂಚು ಒರೆಸುವುದು, ಫೆಸ್ತಿನ, ಅಂದರೆ ಇಗರ್ಜಿ ಹಬ್ಬದ, ಊಟಕ್ಕೆ ಕಾಯಿ ತುರಿಯುವುದು, ಆಮೇಲೆ ಕ್ಯಾಟಕಿಸಂ. ನಮ್ಮ ಕ್ಲಾಸಿನ ಗೋಡೆಗೆ ನಾನೇ ಬಣ್ಣದ ಚಾಕಿನಲ್ಲಿ ಬರೆದ ಮಾತು, ತೆಗೆದುಕೊಳ್ಳುವುದಕ್ಕಿಂತ ಕೊಡುವುದರಲ್ಲಿ ಹೆಚ್ಚು ಭಾಗ್ಯ. ಅದು ಯೇಸುಸ್ವಾಮಿ ಹೇಳಿದ ಮಾತು. ಆದರೆ ನಾಲ್ಕು ಸುವಾರ್ತೆಗಳಲ್ಲಿ ಎಲ್ಲೂ ಸಿಗುವುದಿಲ್ಲ. ಎಫೆಸದ ಹಿರಿಯರಿಗೆ ವಿದಾಯ ಹೇಳುವಾಗ ಸಂತ ಪೌಲರು ಅದನ್ನು ನೆನಪಿಸುತ್ತಾರೆ, ಬೈಬಲಿನ ಪ್ರೇಷಿತರ ಕಾರ್ಯಕಲಾಪ ಎಂಬ ಪುಸ್ತಕದ ಇಪ್ಪತ್ತನೇ ಅಧ್ಯಾಯದಲ್ಲಿ. ಮಕ್ಕಳಿಗೆ ಇದನ್ನೆಲ್ಲ ಹೇಳಿಕೊಟ್ಟಿದ್ದೇನೆ. ಕೊಡುವುದು ಭಾಗ್ಯ ಎಂದು ನೂರು ಸಲ ಹೇಳಿದ್ದೇನೆ. ಆ ಭಾಗ್ಯ ಇನ್ನೊಬ್ಬರಿಗೂ ಸಿಗಬೇಕಾದರೆ ಯಾರಾದರೂ ತೆಗೆದುಕೊಳ್ಳಬೇಕಲ್ವಾ? ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಹೊಳೆಯುವ ಹಾಗೆ ಮಾಡಿದ್ದು ಒಬ್ಬ ಅಜ್ಜಿ.

ನಾನು ಹನ್ನೆರಡು ವರ್ಷದಿಂದ ವಿನ್ಸೆಂಟ್ ಪಾವ್ಲ್ ಸಭೆಯಲ್ಲಿದ್ದೇನೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಝಾನಾಂ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ತನ್ನ ಗೆಳೆಯರ ಜೊತೆ ಸೇರಿ ಶುರು ಮಾಡಿದ ಸಭೆ ಅದು. ಬಡವರನ್ನು ಇಗರ್ಜಿಯ ಬಾಗಿಲಿಗೆ ಕರೆಸಿ ಕೊಡುವುದಲ್ಲ, ಅವರ ಮನೆಗೇ ಹೋಗಬೇಕು, ಕೂರಬೇಕು, ಮಾತಾಡಬೇಕು. ಅದೇ ಸಭೆಯ ಮುಖ್ಯ ಕೆಲಸ. ಹೊಳೆಯಂಚಿನಲ್ಲಿ ಒಂದೇ ಕೋಣೆಯ ಮನೆಯಲ್ಲಿರುವ ಈ ಅಜ್ಜಿಗೆ ಪ್ರತಿ ತಿಂಗಳು ಅಕ್ಕಿ, ಬೇಳೆ, ಎಣ್ಣೆ ತಲುಪಿಸುವುದು ನನ್ನ ಪಾಲಿಗಿತ್ತು. ಮೊದಲು ಮೀನು ಮಾರುತ್ತಿದ್ದವರು. ಈಗ ಮಂಡಿ ನೋವು, ನಡೆಯುವುದೇ ಕಷ್ಟ.

ಜುಲೈ ಕೊನೆಯ ಒಂದು ಮಧ್ಯಾಹ್ನ, ಜೋರು ಮಳೆಯಲ್ಲಿ, ಅವರು ನಮ್ಮ ಜಗಲಿಯಲ್ಲಿ ನಿಂತಿದ್ದರು. ಅಷ್ಟು ದೂರ ಹೇಗೆ ನಡೆದು ಬಂದರೋ. ಸೀರೆ ಮೊಣಕಾಲಿನ ತನಕ ಒದ್ದೆ. ಸೊಂಟದ ಹತ್ತಿರ ಪ್ಲಾಸ್ಟಿಕ್ ಚೀಲ ಒತ್ತಿ ಹಿಡಿದಿದ್ದರು. ಬಿಚ್ಚಿದರೆ ಭತ್ತದ ಹೊಟ್ಟು. ಬೆರಳಿನಿಂದ ಸರಿಸಿ ಸರಿಸಿ, ಒಳಗಿಂದ ನಾಲ್ಕು ಮೊಟ್ಟೆ ತೆಗೆದರು. ಒಡೆಯಬಾರದು ಅಂತ ಹೊಟ್ಟಿನಲ್ಲಿ ಹುಗಿದು ತಂದಿದ್ದರು. ಅವರ ಹತ್ತಿರ ಇದ್ದದ್ದು ಎರಡು ಕೋಳಿ.

“ಅಯ್ಯೋ ಅಜ್ಜಿ, ಇದೆಲ್ಲ ಯಾಕೆ? ನೀವೇ ಇಟ್ಕೊಳ್ಳಿ. ನಿಮಗೇ ಬೇಕಾಗುತ್ತೆ” ಅಂದೆ.

ಅವರು ಮೊಟ್ಟೆಗಳನ್ನು ಚೀಲಕ್ಕೆ ಹಾಕಲಿಲ್ಲ, ನನ್ನ ಕೈಗೂ ಕೊಡಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತರು. ಆಮೇಲೆ ಕೇಳಿದರು, “ನೀವ್ ಕೊಟ್ಟದ್ದು ನಾ ಎಷ್ಟ್ ವರ್ಷ ತಿಂದೆ ಅಕ್ಕೋರೆ. ನಂದು ನಾಲ್ಕ್ ಮೊಟ್ಟೆ ನಿಮ್ಗೆ ಬ್ಯಾಡ್ವಾ?”

ಕೋಪದಲ್ಲಿ ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಅನ್ನುವ ಹಾಗೆ ಕೇಳಿದರು. ನಾನು ಎರಡೂ ಕೈ ಚಾಚಿದೆ. ಮೊಟ್ಟೆಗಳು ಇನ್ನೂ ಬೆಚ್ಚಗಿದ್ದವು, ಅವರ ಮೈಯ ಬಿಸಿಗೆ ಇರಬೇಕು. ಹೊಟ್ಟಿನ ಒಂದೆರಡು ಚೂರು ಅಂಟಿಕೊಂಡಿತ್ತು. ಅಜ್ಜಿ ನಕ್ಕರು. ಹನ್ನೆರಡು ವರ್ಷದಲ್ಲಿ ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಅವರು ಹೋದ ಮೇಲೆ ಒಂದೊಂದೇ ನೆನಪಾಯಿತು. ನಾವು ಮನೆ ಭೇಟಿಗೆ ಹೋದಾಗ ಅವರೆಲ್ಲ ಕರಿ ಚಹಾ ಮಾಡಲು ಏಳುತ್ತಿದ್ದರು. ನಾವು ಪ್ರತಿಸಲ “ಬೇಡ ಬೇಡ, ಈಗ ತಾನೇ ಕುಡಿದು ಬಂದ್ವಿ” ಅನ್ನುತ್ತಿದ್ದೆವು. ಅವರ ಸಕ್ಕರೆ ಖರ್ಚಾಗಬಾರದು ಅಂತ. ಅದನ್ನು ದಯೆ ಅಂದುಕೊಂಡಿದ್ದೆ. ಹನ್ನೆರಡು ವರ್ಷ ನಾನು ಆ ಮನೆಯ ಚಹಾ ಕುಡಿದಿಲ್ಲ. ಕೊಡುವ ಭಾಗ್ಯ ಪೂರ್ತಿ ನನಗೇ ಇಟ್ಟುಕೊಂಡಿದ್ದೆ, ಅವರಿಗೆ ಒಂದು ಲೋಟದಷ್ಟೂ ಬಿಟ್ಟುಕೊಟ್ಟಿರಲಿಲ್ಲ.

ಆ ರಾತ್ರಿ ನೋಟ್‌ಬುಕ್‌ನಲ್ಲಿ ಬರೆದೆ: ‘ಅಜ್ಜಿ. ಮೊಟ್ಟೆ ನಾಲ್ಕು.’ ಆದರೆ ಬಲಗಡೆ? ಅಕ್ಕಿ ಬೇಳೆ ಕೊಟ್ಟದ್ದನ್ನು ಬರೆಯಲೇ? ಪೆನ್ ಓಡಲಿಲ್ಲ. ಆದರೂ ಹಟ ಬಿಟ್ಟಿರಲಿಲ್ಲ ನಾನು. ಸ್ವಲ್ಪ ಜಾಗ ಬಿಟ್ಟು ಮುಂದಿನ ಸಾಲಿಗೆ ಹೋದೆ.

ಆಗಸ್ಟ್‌ನ ಮೊದಲ ಶುಕ್ರವಾರ ಫಾದರ್ ಮನೆಗೆ ಪರಮಪ್ರಸಾದ ತಂದರು, ಪೂಜೆಯಲ್ಲಿ ಕ್ರಿಸ್ತರ ಶರೀರವೆಂದೇ ನಾವು ತೆಗೆದುಕೊಳ್ಳುವ ರೊಟ್ಟಿ. ಕಾಯಿಲೆಯವರಿಗೆ ಹೀಗೆ ಮನೆಗೇ ತರುವ ಪದ್ಧತಿ ಇದೆ. ನಮ್ಮವರು ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ, ಶಿಲುಬೆ ಇಟ್ಟು, ಎರಡು ಮೇಣದ ಬತ್ತಿ ಹಚ್ಚಿದ್ದರು. ಗಾಳಿಗೆ ಒಂದು ಬತ್ತಿ ಆರಿ ಆರಿ ಹೋಗುತ್ತಿತ್ತು. ಫಾದರ್ ಕುತ್ತಿಗೆಗೆ ಹಾಕಿಕೊಂಡಿದ್ದ ಚೀಲದಿಂದ ಚಿನ್ನದ ಬಣ್ಣದ ಪುಟ್ಟ ದುಂಡು ಡಬ್ಬಿ ತೆಗೆದರು. ಅಂಗೈಯಲ್ಲಿ ಅಡಗುವಷ್ಟು ಸಣ್ಣದು. ಪ್ರಾರ್ಥನೆ ಆಯಿತು. ನಾನು ಬಲಗೈ ಮೇಲೆ ಎಡಗೈ ಇಟ್ಟು ಚಾಚಿದೆ. “ಕ್ರಿಸ್ತರ ಶರೀರ” ಅಂದರು. “ಆಮೆನ್” ಅಂದೆ.

ನಮ್ಮದು ಆ ದಿನದ ಕೊನೆಯ ಮನೆ. ಡಬ್ಬಿ ಖಾಲಿಯಾಗಿತ್ತು. ಫಾದರ್ ಅದನ್ನು ಮುಚ್ಚಿ, ಚೀಲಕ್ಕೆ ಹಾಕಿ, ಚಹಾ ಕುಡಿದು ಹೊರಟರು. ನಾನು ಅಭ್ಯಾಸದಂತೆ ನೋಟ್‌ಬುಕ್ ಎತ್ತಿಕೊಂಡೆ. ತಾರೀಖು ಬರೆದೆ. ‘ಫಾದರ್. ಪರಮಪ್ರಸಾದ’ ಎಂದು ಬರೆದೆ. ಆಮೇಲೆ ಬಲಗಡೆ ನೋಡಿದೆ.

ಒಂದು ಚಿಟಿಕೆ ಸಕ್ಕರೆ ಕೂಡ ಹಾಕದೆ ಆ ಡಬ್ಬಿಯನ್ನು ಖಾಲಿ ಕಳಿಸಿದ್ದೆ. ಹಾಕಲು ಏನಿತ್ತು ನನ್ನ ಹತ್ತಿರ? ದೇವರು ತನ್ನನ್ನೇ ಕೊಟ್ಟು ಹೋದರೆ ಅದಕ್ಕೆ ಯಾವ ಹಪ್ಪಳ ಸಮ? ನಾನು ಗೋಡೆಗೆ ಒರಗಿ ಅತ್ತೆ. ನೋವಿನ ಅಳು ಅಲ್ಲ. ಅರವತ್ತರ ಹತ್ತಿರ ಬಂದ ಮೇಲೆ, ಸಾವಿರಾರು ಸಲ ಪರಮಪ್ರಸಾದ ತೆಗೆದುಕೊಂಡ ಮೇಲೆ, ಅದನ್ನು ಸುಮ್ನೆ ಕೊಡುತ್ತಾರೆ ಎಂದು ಮೊದಲ ಸಲ ಅರ್ಥವಾಯಿತು. ಎಂಟನೇ ಪುಟ ಅದು. ಅಲ್ಲಿಂದ ಮುಂದೆ ಬಲಗಡೆ ನಾನು ಏನೂ ಬರೆದಿಲ್ಲ.

ಮಲಗಿದ್ದವಳಿಗೆ ಯೋಚನೆಗೆ ಬೇಕಾದಷ್ಟು ಹೊತ್ತಿತ್ತು. ನಮ್ಮ ಕಥೊಲಿಕ ಧರ್ಮಸಭೆಯ ಸಂಸ್ಕಾರಗಳನ್ನೆಲ್ಲ ಹೀಗೇ ಕಟ್ಟಿದ್ದಾರಲ್ವಾ ಅನ್ನಿಸಿತು. ಯಾರೂ ತನಗೆ ತಾನೇ ಜ್ಞಾನಸ್ನಾನ ಕೊಟ್ಟುಕೊಳ್ಳುವ ಹಾಗಿಲ್ಲ. ಇನ್ನೊಬ್ಬರು ನೀರು ಹಾಕಬೇಕು. ಪೂಜೆಗೆ ಬಂದ ಜನ ತಟ್ಟೆಯಿಂದ ತಾವೇ ಪರಮಪ್ರಸಾದ ಎತ್ತಿಕೊಳ್ಳುವ ಹಾಗಿಲ್ಲ, ಕೊಡುವವರ ಮುಂದೆ ಕೈ ಒಡ್ಡಬೇಕು. ಪೋಪರೂ ಪಾಪನಿವೇದನೆಗೆ ಇನ್ನೊಬ್ಬ ಗುರುಗಳ ಹತ್ತಿರವೇ ಹೋಗಬೇಕು. ಸ್ವಂತ ಪಾಪಕ್ಕೆ ಸ್ವಂತ ಕ್ಷಮೆ ಕೊಟ್ಟುಕೊಳ್ಳಲು ಅವರಿಂದಲೂ ಆಗುವುದಿಲ್ಲ. ಇದೆಲ್ಲ ನನಗೆ ಗೊತ್ತಿದ್ದ ನಿಯಮಗಳೇ. ಪರೀಕ್ಷೆಗೆ ಪ್ರಶ್ನೆ ಮಾಡಿ ಕೇಳಿದ್ದೇನೆ. ಆದರೆ ಎಲ್ಲದರಲ್ಲೂ ಇದ್ದದ್ದು ಒಂದೇ, ಕೈ ಒಡ್ಡುವುದು.

ಯೇಸುಸ್ವಾಮಿಯೂ ಹಾಗೇ ಬದುಕಿದರು. ಹುಟ್ಟಿದಾಗ ಮಲಗಿಸಿದ್ದು ದನಗಳ ಮೇವಿನ ಗೋದಲಿಯಲ್ಲಿ. ಬೋಧನೆಗೆ ಕೂತದ್ದು ಸೀಮೋನನ ದೋಣಿಯಲ್ಲಿ. ನಮ್ಮ ಹೊನ್ನಾವರದ ಕಾಸರಕೋಡಿನ ಬಂದರಿನಲ್ಲಿ ದೋಣಿಗಳನ್ನು ಕಂಡಾಗಲೆಲ್ಲ ನನಗೆ ಅದು ನೆನಪಾಗುತ್ತದೆ. ರಾತ್ರಿಯಿಡೀ ಬಲೆ ಹಾಕಿ ಏನೂ ಸಿಗದೆ ಬಂದವನ ಹತ್ತಿರ, ಸ್ವಲ್ಪ ನಿನ್ನ ದೋಣಿ ಕೊಡು ಅಂದರು. ಬಾವಿಯ ಹತ್ತಿರ ಸಮಾರಿಯದ ಹೆಂಗಸನ್ನು ಕುಡಿಯಲು ನೀರು ಕೇಳಿದರು. ಮಗ್ದಲದ ಮರಿಯ, ಯೊಹಾನ್ನ, ಸುಸನ್ನ ಮತ್ತೆ ಇನ್ನೂ ಹಲವು ಹೆಂಗಸರು ತಮ್ಮ ಕೈಲಿದ್ದ ಹಣದಿಂದ ಯೇಸುವಿಗೂ ಶಿಷ್ಯರಿಗೂ ಉಪಚಾರ ಮಾಡುತ್ತಿದ್ದರು ಎಂದು ಲೂಕರು ಬರೆಯುತ್ತಾರೆ. ಜೆರುಸಲೇಮಿಗೆ ಹೋದದ್ದು ಬೇರೆಯವರ ಕತ್ತೆಯ ಮೇಲೆ. ಕೊನೆಗೆ ಸಮಾಧಿಯೂ ಅರಿಮತಾಯದ ಜೋಸೆಫರದ್ದು. ಐದು ರೊಟ್ಟಿಯನ್ನು ಐದು ಸಾವಿರ ಜನಕ್ಕೆ ಹಂಚಿದವರಿಗೆ ನೀರು ಕೇಳಬೇಕಾದ ಗತಿಯೇ? ಗತಿ ಇಲ್ಲದೆ ಕೇಳಿದ್ದಲ್ಲ. ಕೊಡುವ ಸಂತೋಷ ಆ ಹೆಂಗಸಿಗೂ ಸಿಗಲಿ ಅಂತ ಕೇಳಿದರು ಎಂದು ನಾನು ನಂಬುತ್ತೇನೆ.

ನಮ್ಮ ಕರಾವಳಿಗೂ ಅಂಥವರೊಬ್ಬರು ಬಂದಿದ್ದರು. ಸಂತ ಜೋಸೆಫ್ ವಾಜ್. ಗೋವೆಯ ಬೆನೌಲಿಯಲ್ಲಿ 1651ರಲ್ಲಿ ಹುಟ್ಟಿದವರು. 1681ರಿಂದ 1684ರವರೆಗೆ ನಮ್ಮ ಕೆನರಾದಲ್ಲಿ ಸೇವೆ ಮಾಡಿದರು. ಆಮೇಲೆ 1687ರಲ್ಲಿ ಶ್ರೀಲಂಕಾಕ್ಕೆ ಹೋದರು. ಅಲ್ಲಿ ಡಚ್ಚರ ಆಡಳಿತ, ಕಥೊಲಿಕ ಗುರುಗಳು ಕಾಲಿಡುವ ಹಾಗಿಲ್ಲ. ಅದಕ್ಕೆ ಭಿಕ್ಷುಕನ ವೇಷದಲ್ಲಿ ಜಾಫ್ನಾ ತಲುಪಿ, ಮನೆಮನೆಗೆ ಹೋಗಿ ಭಿಕ್ಷೆ ಬೇಡುತ್ತಾ ತನ್ನ ಜನರನ್ನು ಹುಡುಕಿದರು. ಹಡಗಿನಲ್ಲೇ ಕಾಯಿಲೆ ಬಿದ್ದಿದ್ದರು. ಕೊಡಲು ಹೋದ ಗುರುಗಳು ಮೊದಲು ಮಾಡಬೇಕಾದದ್ದು ಅಂಗೈ ಚಾಚುವುದು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಸಾರಿದಾಗ ನಾವೆಲ್ಲ ಟಿವಿ ಮುಂದೆ ಕೂತು ನೋಡಿದ್ದೆವು. ಅಂದು ನನಗೆ ಮುಖ್ಯ ಅನ್ನಿಸಿದ್ದು ಅವರು ಅಲ್ಲಿ ಕಟ್ಟಿದ ಧರ್ಮಸಭೆ. ಮಂಚದ ಮೇಲೆ ಮಲಗಿ ನೆನೆಸಿಕೊಂಡಾಗ ಕಣ್ಣ ಮುಂದೆ ಬಂದದ್ದು ಅವರ ಭಿಕ್ಷೆಯ ಪಾತ್ರೆ.

ಇಗರ್ಜಿಯ ಜನ ಎಂದರೆ ದೇವದೂತರು ಅಂತ ನಾನು ಹೇಳುವುದಿಲ್ಲ. ನಮ್ಮಲ್ಲೂ ಜಗಳ ಇದೆ, ಮಾತು ಬಿಟ್ಟವರಿದ್ದಾರೆ. ನಾನೂ ಬಿಟ್ಟಿದ್ದೆ. ಫೆಸ್ತಿನ ಖರ್ಚಿನ ಲೆಕ್ಕದ ವಿಷಯಕ್ಕೆ ಒಬ್ಬರ ಜೊತೆ ಮಾತಿಗೆ ಮಾತು ಬೆಳೆದು, ಮೂರು ವರ್ಷ ಮುಖ ಕೊಟ್ಟು ಮಾತಾಡಿರಲಿಲ್ಲ. ಪೂಜೆಯಲ್ಲಿ ಒಬ್ಬರಿಗೊಬ್ಬರು ಶಾಂತಿ ಹೇಳುವಾಗ ನಾನು ಬೇಕೆಂದೇ ಬೇರೆ ಕಡೆ ತಿರುಗುತ್ತಿದ್ದೆ. ತಪ್ಪು ಹೆಚ್ಚು ನನ್ನದೇ. ಅದನ್ನು ಇಲ್ಲಿ ಬರೆದು ಒಪ್ಪಿಕೊಳ್ಳುತ್ತಿದ್ದೇನೆ.

ಅವರ ಡಬ್ಬಿಯೂ ಬಂತು. ಜುಲೈ ಎಂದರೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯದ ತಿಂಗಳು. ಮೀನು ಸಿಗುವುದೇ ಕಷ್ಟ, ಸಿಕ್ಕರೂ ಬೆಲೆ ಕೇಳುವ ಹಾಗಿಲ್ಲ. ಅಂಥದ್ದರಲ್ಲಿ ಹೊಳೆ ಮೀನಿನ ಸಾರು, ಕೋಕಂ ಹಾಕಿದ್ದು, ಮಗನ ಕೈಯಲ್ಲಿ ಕಳಿಸಿದ್ದರು. ಡಬ್ಬಿಯ ಮುಚ್ಚಳದ ಮೇಲೆ ಅವರ ಹೆಸರು ಕೆತ್ತಿಸಿತ್ತು. ಕೋಪ ಇದ್ದವರಿಂದ ತೆಗೆದುಕೊಳ್ಳುವಷ್ಟು ಕಷ್ಟ ಬೇರೆ ಇಲ್ಲ. ತಟ್ಟೆಗೆ ಹಾಕಿಕೊಂಡು ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದೆ. ಆಮೇಲೆ ತಿಂದೆ. ರುಚಿಯಾಗಿತ್ತು. ಆ ಹಗೆ ಹೋದದ್ದು ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ್ದರಿಂದ ಅಲ್ಲ. ಅವರು ಮೊದಲು ಕಳಿಸಿದರು, ನಾನು ತಿಂದೆ. ದೇವರನ್ನು ನಾವು ಪ್ರೀತಿಸಿದ್ದಲ್ಲ, ದೇವರೇ ಮೊದಲು ನಮ್ಮನ್ನು ಪ್ರೀತಿಸಿದ್ದು ಎಂದು ಸಂತ ಯೊವಾನ್ನರು ಬರೆದದ್ದನ್ನು ನಾನು ಯಾವಾಗಲೂ ದೊಡ್ಡ ದೊಡ್ಡ ವಿಷಯಕ್ಕೆ ಹೊಂದಿಸಿ ವಿವರಿಸುತ್ತಿದ್ದೆ. ಆ ‘ಮೊದಲು’ ಎಂಬ ಪದ ಒಂದು ಮೀನಿನ ಸಾರಿನಲ್ಲಿ ಸಿಗುತ್ತದೆ ಎಂದು ತಿಳಿದಿರಲಿಲ್ಲ.

ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಹುಟ್ಟುಹಬ್ಬ, ನಮ್ಮ ತೆನೆ ಹಬ್ಬ. ಇಗರ್ಜಿಯಲ್ಲಿ ಹೊಸ ಭತ್ತದ ತೆನೆಗೆ ಆಶೀರ್ವಾದ ಮಾಡಿ ಮನೆಮನೆಗೂ ಹಂಚುತ್ತಾರೆ. ಪ್ರತಿ ವರ್ಷ ಹಂಚುವ ಸಾಲಿನಲ್ಲಿ ನಾನಿರುತ್ತಿದ್ದೆ. ಆ ವರ್ಷ ಕ್ಯಾಟಕಿಸಂ ಮಕ್ಕಳು ಮೂರು ತೆನೆ ಹಿಡಿದುಕೊಂಡು ಮನೆಗೆ ಓಡಿ ಬಂದರು. ನಮಗೆ ಗದ್ದೆ ಇಲ್ಲ. ಯಾರೋ ಉತ್ತು, ಬಿತ್ತು, ಬೆಳೆದ ಭತ್ತ. ಕಾಳು ಬಿಡಿಸಿ, ಸಿಪ್ಪೆ ತೆಗೆದು, ಪುಡಿ ಮಾಡಿ ಪಾಯಸಕ್ಕೆ ಹಾಕಿ, ನಮ್ಮವರು ಮೊದಲು ನನಗೆ ಕೊಟ್ಟರು. ಪಾಯಸ ಸ್ವಲ್ಪ ತಳ ಹಿಡಿದಿತ್ತು. ಅವರೇ ಮಾಡಿದ್ದು, ಮೊದಲ ಸಲ.

ಈಗ ನಡೆಯುತ್ತೇನೆ. ಅಜ್ಜಿಯ ಮನೆಗೂ ಹೋಗುತ್ತೇನೆ, ಅಕ್ಕಿ ತಗೊಂಡೇ. ಹೋದ ಕೂಡಲೇ “ಚಹಾ ಮಾಡಿ ಅಜ್ಜಿ” ಅನ್ನುತ್ತೇನೆ. ಒಲೆ ಊದುತ್ತಾ ಅವರು ಹಳೆಯ ಮೀನು ಪೇಟೆಯ ಕತೆ ಹೇಳುತ್ತಾರೆ.

ಕೊನೆಯ ಭೋಜನದ ರಾತ್ರಿ ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ ಪವಿತ್ರ ಗುರುವಾರ ಫಾದರ್ ಹನ್ನೆರಡು ಜನರ ಪಾದ ತೊಳೆಯುತ್ತಾರೆ. ಈ ವರ್ಷ ಪಾದ ತೊಳೆಸಿಕೊಳ್ಳುವ ಹನ್ನೆರಡು ಜನರಲ್ಲಿ ನನ್ನ ಹೆಸರನ್ನೂ ಹಾಕಿದ್ದರು. ಮೊದಲೆಲ್ಲ ಇದಕ್ಕೆ ಗಂಡಸರನ್ನಷ್ಟೇ ಕೂರಿಸುತ್ತಿದ್ದರು. 2016ರ ಜನವರಿಯಲ್ಲಿ ರೋಮ್ ನಿಯಮ ಬದಲಿಸಿ ಹೆಂಗಸರಿಗೂ ಅವಕಾಶ ಕೊಟ್ಟಿತು. ಹಿಂದಿನ ನಾನಾಗಿದ್ದರೆ ಬೇರೆ ಯಾರನ್ನಾದರೂ ಕೂರಿಸಿ ಅನ್ನುತ್ತಿದ್ದೆ. ಹೂಂ ಅಂದೆ.

ಆದರೂ ಬೆಂಚಿನಲ್ಲಿ ಕೂತ ಮೇಲೆ ಎಡಗಾಲಿನ ಚಪ್ಪಲಿ ಮಾತ್ರ ಬಿಚ್ಚಿದ್ದೆ. ಬಲಗಾಲಿನಲ್ಲಿ ಎರಡೂ ಕಡೆ ಹೊಲಿಗೆಯ ಗುರುತು, ಗಂಟಿನ ಹತ್ತಿರ ಇನ್ನೂ ಊತ, ಹಿಮ್ಮಡಿ ಒಡೆದು ಕಪ್ಪಾಗಿದೆ. ಎಲ್ಲರ ಎದುರು ಅದನ್ನು ಹೇಗೆ ಚಾಚುವುದು? ನೀವು ನನ್ನ ಕಾಲು ತೊಳೆಯಲೇಬಾರದು ಎಂದು ಯೇಸುವಿಗೆ ಶಿಷ್ಯ ಪೇತ್ರರು ಹಟ ಹಿಡಿದದ್ದು ನನಗೆ ಚೆನ್ನಾಗಿ ಗೊತ್ತಾಗುತ್ತದೆ. ಗುರುವಿನ ಮೇಲಿನ ಗೌರವಕ್ಕೆ ಹಾಗಂದರು ಎಂದು ಮಕ್ಕಳಿಗೆ ಹೇಳಿಕೊಡುತ್ತಿದ್ದೆ. ಅವರ ಕಾಲೂ ಹೀಗೇ ಇತ್ತೋ ಏನೋ.

ಪಕ್ಕದವರೆಲ್ಲ ಬಲಗಾಲು ಚಾಚಿದ್ದರು. ಫಾದರ್ ಒಬ್ಬೊಬ್ಬರ ಮುಂದೆ ಮಂಡಿಯೂರಿ, ತೊಳೆದು, ಒರೆಸಿ, ನನ್ನ ಹತ್ತಿರ ಬಂದರು. ನನ್ನ ಎಡಗಾಲು ನೋಡಿದರು. ಏನೂ ಹೇಳಲಿಲ್ಲ. ಚೊಂಬು ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ಕಾದರು. ನಾನು ಎಡಗಾಲು ಹಿಂದಕ್ಕೆ ಎಳೆದುಕೊಂಡು ಬಲಗಾಲಿನ ಚಪ್ಪಲಿ ಬಿಚ್ಚಿದೆ.

ನೀರು ತಣ್ಣಗಿತ್ತು. ಗಾಯದ ಗುರುತಿನ ಮೇಲೆ ಹಾದು, ಬೆರಳುಗಳ ಸಂದಿಯಲ್ಲಿ ಇಳಿದು, ಕೆಳಗಿನ ಬೇಸಿನ್‌ಗೆ ಬಿತ್ತು. ಬಿಳಿ ಟವೆಲಿನಿಂದ ಮೆಲ್ಲಗೆ, ನೋವಾದೀತು ಅನ್ನುವ ಹಾಗೆ ಒರೆಸಿದರು. ಆಮೇಲೆ ಬಗ್ಗಿ ಪಾದಕ್ಕೆ ಮುತ್ತಿಟ್ಟರು. ನಾನು ಕಣ್ಣು ಮುಚ್ಚಿಕೊಳ್ಳಲಿಲ್ಲ. ಮೂರನೇ ಬೆಂಚಿನ ತುದಿಯಲ್ಲಿ ಅಜ್ಜಿ ಕುತ್ತಿಗೆ ಚಾಚಿ ನೋಡುತ್ತಿದ್ದರು.

ಫಾದರ್ ಮುಂದಿನವರ ಹತ್ತಿರ ಹೋದರು. ಚಪ್ಪಲಿ ಹಾಕಿಕೊಂಡೆ. ಬೆರಳಿನ ಸಂದಿ ಇನ್ನೂ ಒದ್ದೆ ಇತ್ತು.